ಯಾರ ಅಚ್ಚು, ಯಾರ ವಿಮಾನ? ರೋಬೋ ಆಗುವ ಜೆಟ್‌ನ 40 ವರ್ಷದ ಕಥೆ

(ಆಡಿಯೊ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಊಟ ಮಾಡ್ತಾ ಕೇಳ್ತಿರೋರಿಗೆ, ಇಯರ್‌ಫೋನ್ ಮರೆತು ಬಂದು ಇಲ್ಲೇ ಓದ್ತಿರೋರಿಗೆ ಕೂಡ ಸ್ವಾಗತ.

ಇವತ್ತಿನ ಸಂಚಿಕೆ ಒಂದು ವಿಮಾನದ ಬಗ್ಗೆ. ಉದ್ದ 14.23 ಮೀಟರ್. ಎರಡು ಎಂಜಿನ್. ಆದರೆ ಯಾವ ದೇಶದ ವಾಯುಪಡೆಯಲ್ಲೂ ಇಲ್ಲ, ಒಂದು ದಿನವೂ ಹಾರಿಲ್ಲ. ಯಾಕಂದ್ರೆ ಅದು ಜಪಾನಿನ ಒಂದು ಕಾರ್ಟೂನ್ ಧಾರಾವಾಹಿಗೆ ಬರೆದ ಚಿತ್ರ. ಹೆಸರು ವಿಎಫ್-1 ವಾಲ್ಕಿರಿ. ಈ ಹಾರದ ವಿಮಾನಕ್ಕಾಗಿ ಎರಡು ದೇಶಗಳಲ್ಲಿ ಕೋರ್ಟ್ ಕೇಸು ನಡೆದಿವೆ. ಇದರ ಕಿಟ್ ಮಾಡಿದ ಕಂಪನಿ ಮುಚ್ಚಿದೆ, ಆಟಿಕೆ ಮಾಡಿದ ಕಂಪನಿ ದಿವಾಳಿಯಾಗಿದೆ. ಆದರೂ ಇವತ್ತಿಗೂ ಜಗತ್ತಿನ ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಒಬ್ಬರು ಇದರ ಎರಡು ಕಿಟ್‌ಗಳನ್ನು ಕತ್ತರಿಸಿ ಒಂದು ಮಾಡ್ತಾ ಕೂತಿರ್ತಾರೆ. ನಾನು ಕಾಮರ್ಸ್ ಓದಿದವನು, ಹಾಗಾಗಿ ನನಗೆ ಮೊದಲು ಕಾಣೋದು ಲೆಕ್ಕದ ಪುಸ್ತಕ. ಈ ಕಥೆಯನ್ನೂ ಅಲ್ಲಿಂದಲೇ ಹೇಳ್ತೀನಿ.

ಕಾಲೇಜು ಹುಡುಗನ ವಿಮಾನ

1982ರ ಅಕ್ಟೋಬರ್. ಜಪಾನಿನ ಟೀವಿಯಲ್ಲಿ 'ಸೂಪರ್ ಡೈಮೆನ್ಷನ್ ಫೋರ್ಟ್ರೆಸ್ ಮ್ಯಾಕ್ರಾಸ್' ಅನ್ನೋ ಧಾರಾವಾಹಿ ಶುರುವಾಗುತ್ತೆ. ಮುಂದಿನ ವರ್ಷ ಜೂನ್‌ವರೆಗೆ 36 ಕಂತು. ಇದರ ವಿಮಾನಗಳನ್ನು ರೂಪಿಸಿದ್ದು ಸ್ಟುಡಿಯೋ ನ್ಯೂ ತಂಡದ ಶೋಜಿ ಕವಾಮೋರಿ. ಆಗ ಆತನ ವಯಸ್ಸು 22. ಕೇಯೋ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದೋಕೆ ಸೇರಿದ್ದ ಹುಡುಗ.

ಅದಕ್ಕೂ ಮುಂಚಿನ ರೋಬೋಗಳು ಹೇಗಿದ್ದವು ಅಂದ್ರೆ, ಕಬ್ಬಿಣದ ರಾಕ್ಷಸರ ಹಾಗೆ. ಕವಾಮೋರಿ ಉಲ್ಟಾ ಯೋಚನೆ ಮಾಡಿದರು. ಮೊದಲು ಅದು ನಂಬುವಂಥ ಯುದ್ಧವಿಮಾನ ಆಗಿರಬೇಕು, ರೋಬೋ ಆಗೋದು ಆಮೇಲೆ. ಮಾದರಿಯಾಗಿ ಎದುರಿಗಿದ್ದದ್ದು ಅಮೆರಿಕದ ನೌಕಾಪಡೆಯ ಎಫ್-14 ಟಾಮ್‌ಕ್ಯಾಟ್. 1970ರಲ್ಲಿ ಮೊದಲ ಸಲ ಹಾರಿದ, ರೆಕ್ಕೆಯನ್ನು ಹಿಂದಕ್ಕೆ ಮಡಿಸಿಕೊಳ್ಳುವ ವಿಮಾನ. ಅಂದ್ರೆ ನಿಜವಾದ ಟಾಮ್‌ಕ್ಯಾಟೇ ಸ್ವಲ್ಪ ರೂಪ ಬದಲಿಸ್ತಿತ್ತು.

ವಾಲ್ಕಿರಿ ಹೇಗೆ ಬದಲಾಗುತ್ತೆ ನೋಡಿ. ಎರಡು ಎಂಜಿನ್‌ಗಳು ಕೆಳಗಿಳಿದು ಎರಡು ಕಾಲಾಗುತ್ತವೆ. ಹೊಗೆ ಬಿಡುವ ನಾಜಲ್ ಎರಡಾಗಿ ತೆರೆದು ಪಾದವಾಗುತ್ತೆ. ಎಂಜಿನ್‌ಗಳ ನಡುವೆ ಅಡಗಿದ್ದ ಕೈಗಳು ಹೊರಗೆ ಬರ್ತವೆ. ಹೊಟ್ಟೆಯ ಕೆಳಗೆ ಲೇಸರ್ ಗನ್ ಥರ ಇದ್ದದ್ದು ತಲೆಯಾಗುತ್ತೆ. ನಡುವೆ ಇನ್ನೊಂದು ರೂಪ ಇದೆ: ಅರ್ಧ ವಿಮಾನ, ಅರ್ಧ ರೋಬೋ, ಕೋಳಿ ಕಾಲಿನ ಮೇಲೆ ನಿಂತ ಜೆಟ್ ಅನ್ಕೊಳ್ಳಿ. ಅದಕ್ಕೆ ಗರ್ವಾಕ್ ಅಂತ ಹೆಸರು.

ಕಾಗದದ ಮೇಲೆ ಇದೆಲ್ಲ ಬರೆಯೋದು ಸುಲಭ. ಆದರೆ ಕವಾಮೋರಿ ಲೆಗೋ ಇಟ್ಟಿಗೆಗಳಲ್ಲಿ ಜೋಡಿಸಿ, ತಿರುಗಿಸಿ ನೋಡುವ ಮನುಷ್ಯ. ಒಂದು ಭಾಗ ಮಡಚಿದಾಗ ಇನ್ನೊಂದು ಭಾಗಕ್ಕೆ ತಾಗುತ್ತಾ, ಜಾಗ ಸಾಕಾಗುತ್ತಾ ಅನ್ನೋದನ್ನ ಕೈಯಲ್ಲೇ ಪರೀಕ್ಷೆ ಮಾಡ್ತಿದ್ದರು. ವಾಲ್ಕಿರಿ ಚಿತ್ರದಿಂದ ಆಟಿಕೆ ಆಗೋಕೆ ಸಾಧ್ಯವಾದದ್ದು ಅದಕ್ಕೇ.

ಮೂರು ಡಬ್ಬಿ, ಒಂದು ವಿಮಾನ

ಈಗ ವ್ಯಾಪಾರಕ್ಕೆ ಬರೋಣ. 1980ರ ಜುಲೈನಲ್ಲಿ ಬಂಡಾಯ್ ಕಂಪನಿ 300 ಯೆನ್‌ಗೆ ಗುಂಡಮ್ ರೋಬೋದ ಕಿಟ್ ಮಾರೋಕೆ ಶುರುಮಾಡಿತ್ತು. ಧಾರಾವಾಹಿ ಅಷ್ಟೊತ್ತಿಗೆ ಮುಗಿದೇ ಹೋಗಿತ್ತು, ಕಿಟ್ ಮಾತ್ರ ಹುಚ್ಚಾಪಟ್ಟೆ ಓಡ್ತು. ಉಳಿದ ಕಂಪನಿಗಳೆಲ್ಲ ಕಣ್ಣರಳಿಸಿ ನೋಡಿದವು.

ಮ್ಯಾಕ್ರಾಸ್ ಬಂದಾಗ ಅದರ ಕಿಟ್‌ಗಳನ್ನು ಇಮಾಯಿ ಮತ್ತು ಆರೀ ಅನ್ನೋ ಎರಡು ಕಂಪನಿಗಳು ಹಂಚಿಕೊಂಡವು. ಇಮಾಯಿಗೆ ಇದು ಎರಡನೇ ಇನ್ನಿಂಗ್ಸ್. 1960ರ ದಶಕದಲ್ಲಿ 'ಥಂಡರ್‌ಬರ್ಡ್ಸ್' ಧಾರಾವಾಹಿಯ ಕಿಟ್ ಮಾರಿ ದುಡ್ಡು ಮಾಡಿದ್ದ ಕಂಪನಿ ಅದು. 1969ರಲ್ಲಿ ಮಕಾಡೆ ಮಲಗಿತು, ಅದರ ಕೆಲವು ಅಚ್ಚುಗಳು ಬಂಡಾಯ್ ಪಾಲಾದವು.

ಈ ಅಚ್ಚು ಅನ್ನೋ ಮಾತು ನೆನಪಿಟ್ಕೊಳ್ಳಿ. ಪ್ಲಾಸ್ಟಿಕ್ ಕಿಟ್ ಕಂಪನಿಯ ನಿಜವಾದ ಆಸ್ತಿ ಬ್ಯಾಂಕ್ ಖಾತೆ ಅಲ್ಲ, ಪ್ಲಾಸ್ಟಿಕ್ ಕರಗಿಸಿ ಒತ್ತಿ ತುಂಬುವ ಲೋಹದ ಅಚ್ಚು. ಮಾಡಿಸೋಕೆ ದುಡ್ಡು ಸುರಿಯಬೇಕು. ಒಮ್ಮೆ ಮಾಡಿಸಿದ್ರೆ ದಶಕಗಟ್ಟಲೆ ಕಿಟ್ ಉದುರುತ್ತೆ. ಕಂಪನಿ ಸತ್ತರೂ ಅಚ್ಚು ಸಾಯಲ್ಲ.

ಕಡಿಮೆ ಬೆಲೆಗೆ ಮಾರಬೇಕಾದ್ರೆ ಕಿಟ್ ಸರಳವಾಗಿರಬೇಕು. ಹಾಗಾಗಿ 1/100 ಅಳತೆಯಲ್ಲಿ ವಿಮಾನ ಒಂದು ಡಬ್ಬಿ, ಗರ್ವಾಕ್ ಒಂದು ಡಬ್ಬಿ, ರೋಬೋ ಒಂದು ಡಬ್ಬಿ. ವಿಮಾನ ಜೋಡಿಸಿದ್ರೆ ಅದು ವಿಮಾನವೇ, ರೋಬೋ ಆಗಲ್ಲ. ಮೂರೂ ರೂಪಕ್ಕೆ ತಿರುಗುವ ಕಿಟ್ಟೂ ಇತ್ತು, ಇಮಾಯಿಯ 1/72 ಅಳತೆಯದ್ದು. ಆದರೆ ತಿರುಗುವ ಕಿಟ್‌ನಲ್ಲಿ ಒಂದು ತಾಪತ್ರಯ ಇದೆ. ಕೀಲು ಇಟ್ಟಲ್ಲಿ ಸಂದು ಬರುತ್ತೆ, ಸಂದು ಬಂದಲ್ಲಿ ಆಕಾರ ಕೆಡುತ್ತೆ. ಚೆಂದದ ವಿಮಾನ ಬೇಕಾ, ತಿರುಗುವ ವಿಮಾನ ಬೇಕಾ? ಒಂದು ಆರಿಸ್ಕೊಳ್ಳಿ ಅನ್ನೋ ಪರಿಸ್ಥಿತಿ.

'ಯಾಕೆ ಆರಿಸ್ಕೋಬೇಕು?' ಅಂತ ಕೇಳಿದವರೇ ಈ ಕಥೆಯ ಹೀರೋಗಳು.

ಕತ್ತರಿಸು, ಜೋಡಿಸು, ಉಜ್ಜು

ಎರಡು ಮೂರು ಕಿಟ್‌ಗಳ ಭಾಗ ತೆಗೆದು ಹೊಸದೊಂದು ಮಾಡೋದಕ್ಕೆ ಕಿಟ್‌ಬ್ಯಾಶಿಂಗ್ ಅಂತಾರೆ. ಇದು ಜಪಾನಿನದ್ದೇ ಏನಲ್ಲ. 1977ರ 'ಸ್ಟಾರ್ ವಾರ್ಸ್' ಸಿನಿಮಾದ ಮಿಲೇನಿಯಂ ಫಾಲ್ಕನ್ ನೌಕೆಯ ಮೇಲಿನ ಚಿಲ್ಲರೆ ಯಂತ್ರಭಾಗಗಳಲ್ಲಿ ಎಷ್ಟೋ ಅಂಗಡಿಯಿಂದ ತಂದ ಟ್ಯಾಂಕ್ ಕಿಟ್‌ಗಳವು.

ವಾಲ್ಕಿರಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಅಳತೆಯ ಮೂರು ರೂಪಗಳು ಮೂರು ಡಬ್ಬಿಯಲ್ಲಿ ಸಿಗ್ತವೆ. ಇದರ ಕಾಲು, ಅದರ ಮೂತಿ, ಇನ್ನೊಂದರ ಕೈ ತಗೊಂಡು, ನಡುವೆ ಹಿತ್ತಾಳೆ ಕಡ್ಡಿ ಕೂರಿಸಿ, ಕೀಲನ್ನು ನಾವೇ ಕಟ್ಟಬಹುದು. 1/72 ಅನ್ನೋದು ನಿಜವಾದ ಯುದ್ಧವಿಮಾನಗಳ ಕಿಟ್‌ಗಳಿಗೂ ರೂಢಿಯಲ್ಲಿರುವ ಅಳತೆ, ಒಂದು ಇಂಚಿಗೆ ಆರು ಅಡಿ. ಹಾಗಾಗಿ ಕ್ಷಿಪಣಿ, ಪೈಲಟ್ ಸೀಟು, ಚಕ್ರ ಇವನ್ನೆಲ್ಲ ಬೇರೆ ವಿಮಾನದ ಡಬ್ಬಿಯಿಂದ ಸಾಲ ತರಬಹುದು.

ಆದರೆ ಎಲ್ಲವೂ ಹೊಂದಲ್ಲ. ಎಫ್-14ರ ಉದ್ದ ಸುಮಾರು 19 ಮೀಟರ್, ವಾಲ್ಕಿರಿಯದ್ದು 14 ಚಿಲ್ಲರೆ. 1/72ರಲ್ಲಿ ಒಂದು 26 ಸೆಂಟಿಮೀಟರ್ ದಾಟುತ್ತೆ, ಇನ್ನೊಂದು 20 ಸೆಂಟಿಮೀಟರ್‌ಗೂ ಕಮ್ಮಿ. ನೋಡೋಕೆ ಅಣ್ಣತಮ್ಮ, ಆದರೆ ಅಣ್ಣನ ಅಂಗಿ ತಮ್ಮನಿಗೆ ದೊಗಳೆ.

ಕೆಲಸ ನಡೆಯೋದು ಹೀಗೆ. ಈ ಕಿಟ್‌ಗಳು ಪಾಲಿಸ್ಟೈರೀನ್. ಇದರ ಗ್ಲೂ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡನ್ನೂ ಬೆಸೆಯುತ್ತೆ. ಕತ್ತರಿಸುವಾಗ ವಿಮಾನದ ಮೈಮೇಲಿನ ಗೆರೆ ಹಿಡಿದೇ ಕತ್ತರಿಸಬೇಕು, ಆಗ ಜೋಡಿಸಿದ ಗುರುತು ಕಾಣಲ್ಲ. ಉಳಿದ ಸಂದಿಗೆ ಪುಟ್ಟಿ. ಆಮೇಲೆ ಎಮರಿ ಪೇಪರ್: 400, 600, 1000. ನಮ್ಮ ಗ್ಯಾರೇಜುಗಳಲ್ಲಿ ಗುದ್ದಿದ ಕಾರಿಗೆ ಟಿಂಕರಿಂಗ್ ಮಾಡಿ ಪುಟ್ಟಿ ಎಳೆದು ಉಜ್ಜುತ್ತಾರಲ್ಲ, ಪಕ್ಕಾ ಅದೇ ಕೆಲಸ, ಬೆರಳಿನಷ್ಟು ಜಾಗದಲ್ಲಿ. ಕೊನೆಗೆ ಬೂದು ಬಣ್ಣದ ಪ್ರೈಮರ್. ಅಲ್ಲಿವರೆಗೆ ಬಿಳಿ ಕಾಲು, ಕಂದು ಕೈ, ಹಳದಿ ಪುಟ್ಟಿ ಅಂತ ಬೇರೆ ಬೇರೆ ಕಾಣ್ತಿದ್ದದ್ದು ಆ ಕ್ಷಣ ಒಂದೇ ವಿಮಾನ ಆಗುತ್ತೆ. ಎಲ್ಲಿ ಸರಿಯಾಗಿ ಉಜ್ಜಿಲ್ಲ ಅನ್ನೋದೂ ಆ ಕ್ಷಣವೇ ಕಾಣುತ್ತೆ!

ಕಂಪನಿಗಳೂ ಕಿಟ್‌ಬ್ಯಾಶ್ ಮಾಡಿದವು

ಅಭಿಮಾನಿಗಳು ಪ್ಲಾಸ್ಟಿಕ್ ಕತ್ತರಿಸ್ತಿದ್ದಾಗ ದೊಡ್ಡ ಕಂಪನಿಗಳು ಏನ್ ಮಾಡ್ತಿದ್ದವು? ಅವೂ ಅದನ್ನೇ.

ವಾಲ್ಕಿರಿಯ 1/55 ಆಟಿಕೆ ಮಾಡಿದ್ದು ತಕತೋಕು ಟಾಯ್ಸ್. 1984ರಲ್ಲಿ ಅದು ದಿವಾಳಿ. ಅಚ್ಚು ಬಂಡಾಯ್‌ಗೆ ಹೋಯ್ತು. ಅಲ್ಲಿಂದ ಆಟಿಕೆ ಅಮೆರಿಕದ ಹ್ಯಾಸ್‌ಬ್ರೋ ಕೈಗೆ ಬಂದು, ಬಣ್ಣ ಬದಲಿಸಿ 1985ರಲ್ಲಿ ಟ್ರಾನ್ಸ್‌ಫಾರ್ಮರ್ಸ್‌ನ 'ಜೆಟ್‌ಫೈರ್' ಆಯ್ತು. ಆದರೆ ಜಪಾನಿನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಮಾರ್ತಿದ್ದದ್ದು ಟಕಾರಾ, ಬಂಡಾಯ್‌ನ ಪ್ರತಿಸ್ಪರ್ಧಿ. ಹಾಗಾಗಿ ಕಾರ್ಟೂನಿನಲ್ಲಿ ಆ ಪಾತ್ರದ ರೂಪವನ್ನೂ ಹೆಸರನ್ನೂ ಬದಲಿಸಿ 'ಸ್ಕೈಫೈರ್' ಅಂತ ಮಾಡಿದರು. ಅಂಗಡಿಯಲ್ಲಿ ಒಂದು ಮುಖ, ಟೀವಿಯಲ್ಲಿ ಇನ್ನೊಂದು ಮುಖ. ಇನ್ನೊಂದು ಮಜಾ: ಆಪ್ಟಿಮಸ್ ಪ್ರೈಮ್‌ನ ಮೂಲ ಆಟಿಕೆಯನ್ನು ರೂಪಿಸಿದವರಲ್ಲೂ ಇದೇ ಕವಾಮೋರಿ ಇದ್ದರು.

ಇನ್ನೊಂದು ಕಡೆ ರೆವೆಲ್ ಅನ್ನೋ ಅಮೆರಿಕನ್ ಕಂಪನಿ ಬೇರೆ ಬೇರೆ ಜಪಾನಿ ಧಾರಾವಾಹಿಗಳ ಕಿಟ್ ತಂದು, ಎಲ್ಲವನ್ನೂ 'ರೋಬೋಟೆಕ್ ಡಿಫೆಂಡರ್ಸ್' ಅನ್ನೋ ಒಂದೇ ಹೆಸರಲ್ಲಿ ಮಾರ್ತು. ಹಾರ್ಮನಿ ಗೋಲ್ಡ್ ಕಂಪನಿ ಮ್ಯಾಕ್ರಾಸ್ ಧಾರಾವಾಹಿಯನ್ನು ಅಮೆರಿಕದ ಟೀವಿಗೆ ತರೋಕೆ ಹೊರಟಾಗ ಒಂದು ಲೆಕ್ಕ ಅಡ್ಡ ಬಂತು. ವಾರಕ್ಕೆ ಐದು ದಿನ ಪ್ರಸಾರ ಆಗಬೇಕಾದ್ರೆ 65 ಕಂತು ಬೇಕು. ಇದ್ದದ್ದು 36. ಏನ್ ಮಾಡಿದರು? ಸಂಬಂಧವೇ ಇಲ್ಲದ ಇನ್ನೆರಡು ಧಾರಾವಾಹಿ ತಂದು, 36ಕ್ಕೆ 23, ಅದಕ್ಕೆ 25, ನಡುವೆ ಕೊಂಡಿಯಾಗಿ ಇನ್ನೊಂದು ಸೇರಿಸಿ, 85 ಕಂತಿನ ಒಂದೇ ಕಥೆ ಮಾಡಿದರು. ರೆವೆಲ್ ಜೊತೆ ಒಪ್ಪಂದ ಆಗಿ ಹೆಸರು 'ರೋಬೋಟೆಕ್' ಅಂತಾಯ್ತು, 1985ರಲ್ಲಿ. ಮೂರು ಡಬ್ಬಿ, ಒಂದು ವಿಮಾನ. ಪುಟ್ಟಿ ಹಾಕಿದ್ದು ಕಥೆಗೆ, ಅಷ್ಟೇ.

ಆಮೇಲೆ ಶುರುವಾಯ್ತು ಜಗಳ. ವಾಲ್ಕಿರಿಯ ಚಿತ್ರ ಬಳಸಿದ್ದಕ್ಕೆ 'ಬ್ಯಾಟಲ್‌ಟೆಕ್' ಆಟದ ಕಂಪನಿ ಮೇಲೆ ಹಾರ್ಮನಿ ಗೋಲ್ಡ್ ಕೇಸು ಹಾಕಿತು, 1996ರಲ್ಲಿ ರಾಜಿ ಆಯ್ತು, ಆ ಚಿತ್ರಗಳು ಆಟದಿಂದ ಹೋದವು. ಜಪಾನಿನ ಕೋರ್ಟುಗಳಲ್ಲಿ 2002 ಮತ್ತು 2003ರ ತೀರ್ಪುಗಳು ಬಂದು, ವಿನ್ಯಾಸದ ಹಕ್ಕು ಸ್ಟುಡಿಯೋ ನ್ಯೂ ಮತ್ತು ಬಿಗ್ ವೆಸ್ಟ್‌ಗೆ, ಧಾರಾವಾಹಿಯ ಹಕ್ಕು ತತ್ಸುನೊಕೊಗೆ ಅಂತ ಪಾಲಾಯ್ತು. ಆಸ್ತಿ ಪಾಲು ಮಾಡಿದ ಮನೆಯಲ್ಲಿ ಬಾವಿ ಒಬ್ಬರಿಗೆ, ಬಾವಿಗೆ ಹೋಗುವ ದಾರಿ ಇನ್ನೊಬ್ಬರಿಗೆ ಬಂದ ಹಾಗೆ. ಪರಿಣಾಮ? ಮ್ಯಾಕ್ರಾಸ್‌ನ ಮುಂದಿನ ಹಲವು ಧಾರಾವಾಹಿಗಳು ವರ್ಷಗಟ್ಟಲೆ ಜಪಾನಿನ ಹೊರಗೆ ಅಧಿಕೃತವಾಗಿ ಸಿಗಲೇ ಇಲ್ಲ. ಬಿಗ್ ವೆಸ್ಟ್ ಮತ್ತು ಹಾರ್ಮನಿ ಗೋಲ್ಡ್ ನಡುವೆ ಒಪ್ಪಂದ ಆದದ್ದು 2021ರಲ್ಲಿ!

ಒಂದು ದಿನದ ಲೈಸೆನ್ಸ್

ಹಾಗಾದ್ರೆ ಮನೆಯಲ್ಲಿ ಕೂತು ಕಿಟ್ ಬದಲಿಸುವವನ ಹಕ್ಕು ಏನು? ತಾನು ಕೊಂಡ ಡಬ್ಬಿಯನ್ನು ಹೇಗೆ ಬೇಕಾದ್ರೂ ಕತ್ತರಿಸ್ಕೊಂಡು ಕಪಾಟಲ್ಲಿ ಇಟ್ಟರೆ ಯಾರೂ ಕೇಳಲ್ಲ. ತೊಂದರೆ ಬರೋದು ಮಾರೋಕೆ ಹೋದಾಗ.

ಇದಕ್ಕೆ ಜಪಾನ್ ಒಂದು ಜಾಣ ಉತ್ತರ ಕಂಡುಕೊಂಡಿತು. 1980ರ ದಶಕದ ಮಧ್ಯದಲ್ಲಿ ಶುರುವಾದ ವಂಡರ್ ಫೆಸ್ಟಿವಲ್ ಅನ್ನೋ ಮೇಳದಲ್ಲಿ ಹವ್ಯಾಸಿಗಳು ತಾವೇ ರೆಸಿನ್‌ನಲ್ಲಿ ಎರಕ ಹೊಯ್ದ ಕಿಟ್ ಮಾರ್ತಾರೆ. ಹಕ್ಕುದಾರರು ಅವರಿಗೆ ಕೊಡೋದು ಆ ಒಂದು ದಿನದ ಅನುಮತಿ. ಮೊದಲೇ ಅರ್ಜಿ ಹಾಕಬೇಕು. ಅವತ್ತು ಮಾರಬಹುದು, ಮರುದಿನ ಮಾರೋ ಹಾಗಿಲ್ಲ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಅತ್ಯಂತ ಬುದ್ಧಿವಂತಿಕೆಯ ವ್ಯವಹಾರ ಇದು. ಹಕ್ಕು ಉಳೀತು, ಕೈಗಳೂ ಉಳಿದವು. ಕೋರ್ಟಿಗೆ ಹೋದ ಕಂಪನಿಗಳಿಗೆ ಹೊಳೆಯದೇ ಇದ್ದದ್ದು ಈ ಮೇಳಕ್ಕೆ ಹೊಳೀತು.

ಈ ಕೈಗಳು ತೋರಿಸಿದ್ದನ್ನು ಕಂಪನಿಗಳು ನಿಧಾನಕ್ಕೆ ಹಿಂಬಾಲಿಸಿದವು. ನಿಜವಾದ ವಿಮಾನಗಳ ಕಿಟ್‌ಗೆ ಹೆಸರಾದ ಹಸೆಗಾವಾ ರೂಪ ಬದಲಿಸದ, ಆದರೆ ಅಚ್ಚುಕಟ್ಟಾದ 1/72 ವಾಲ್ಕಿರಿ ತಂತು. 2008ರ 'ಮ್ಯಾಕ್ರಾಸ್ ಫ್ರಾಂಟಿಯರ್' ಜೊತೆ ಬಂಡಾಯ್ ಅದೇ ಅಳತೆಯಲ್ಲಿ, ಪೂರ್ತಿ ತಿರುಗುವ ವಿಎಫ್-25 ಕಿಟ್ ಕೊಟ್ಟಿತು. ಇಮಾಯಿ 2002ರಲ್ಲಿ ಮುಚ್ಚಿತು, ಅದರ ಮ್ಯಾಕ್ರಾಸ್ ಅಚ್ಚುಗಳು ಬಂಡಾಯ್ ಪಾಲಾದವು. ಆ 1980ರ ದಶಕದ ಕಿಟ್‌ಗಳು ಹೊಸ ಡಬ್ಬಿಯಲ್ಲಿ ಮತ್ತೆ ಬಂದವು.

ನಮ್ಮ ಕಡೆಯ ಲೆಕ್ಕ

ಇಲ್ಲಿ ಕಿಟ್ ಯಾಕಿಷ್ಟು ದುಬಾರಿ ಅಂತ ನೀವು ಕೇಳ್ತೀರಿ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದಕ್ಕೇ ಕಮ್ಮಿ ದುಡ್ಡಿನ ನಕಲಿ ರೆಸಿನ್ ಎರಕಗಳ ಕಡೆ ಕೈ ಹೋಗುತ್ತೆ. ತಗೊಳ್ಳೋ ಮುಂಚೆ ಒಂದು ಯೋಚಿಸಿ: ಕಂಪನಿಗೆ ಅಚ್ಚು ಇರುತ್ತೆ, ಕೋರ್ಟಿಗೆ ಹೋಗೋಕೆ ವಕೀಲರಿರ್ತಾರೆ. ತಿಂಗಳುಗಟ್ಟಲೆ ಉಜ್ಜಿ ಮೂಲ ಪ್ರತಿ ಮಾಡಿದ ಹವ್ಯಾಸಿಗೆ ಇರೋದು ಆ ಒಂದು ದಿನ ಮಾತ್ರ. ನಕಲು ತಿನ್ನೋದು ಆ ದಿನವನ್ನ.

ಶುರು ಮಾಡೋ ಆಸೆ ಇದ್ರೆ ಒಂದೇ ಅಳತೆಯ ಎರಡು ಅಗ್ಗದ ಕಿಟ್, ಒಂದು ಕಟರ್, ಎಮರಿ ಪೇಪರ್ ಸಾಕು. ಕಿಟಕಿ ತೆರೆದಿಡಿ, ಗ್ಲೂ ವಾಸನೆ ಒಳ್ಳೇದಲ್ಲ. ಅಮೆರಿಕದ ನೌಕಾಪಡೆ 2006ರಲ್ಲಿ ಟಾಮ್‌ಕ್ಯಾಟ್‌ಗಳನ್ನು ನಿವೃತ್ತಿ ಮಾಡ್ತು. ನಿಮ್ಮ ಮೇಜಿನ ಮೇಲೆ ಅದರ ತಮ್ಮ ಇನ್ನೂ ಕಾಲು ಬಿಚ್ಚಿ ನಿಲ್ಲಬಹುದು.

ನೀವು ಯಾವ ಎರಡು ವಸ್ತು ಸೇರಿಸಿ ಮೂರನೇದು ಮಾಡಿದ್ದೀರಿ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೆ ನಮಸ್ಕಾರ.