ಕೋರೈಸುವ ಬೆಳಕಿಗೊಂದು ಕಡಿವಾಣ

ನಡು ಹಗಲಿನಲ್ಲಿ ಕೆರೆಯ ದಂಡೆಯ ಮೇಲೆ ನಿಂತು ಚಿತ್ರ ತೆಗೆದವರಿಗೆಲ್ಲ ಒಂದು ನಿರಾಸೆಯ ಪರಿಚಯವಿರುತ್ತದೆ. ನೀರಿನೊಳಗಿನ ಮೀನು, ಕಲ್ಲು, ಪಾಚಿ ಯಾವುದೂ ಚಿತ್ರದಲ್ಲಿ ಮೂಡಿರುವುದಿಲ್ಲ. ಅವುಗಳ ಜಾಗದಲ್ಲಿ ಬೆಳ್ಳಗೆ ಹೊಳೆಯುವ ಒಂದು ತೇಪೆ ಕುಳಿತಿರುತ್ತದೆ. ಈ ಹೊಳಪನ್ನು ಕಳೆಯಲು ಛಾಯಾಗ್ರಾಹಕರು ಮಸೂರದ ಮುಂದೆ ತಿರುಗಿಸುವ ಗಾಜೊಂದನ್ನು ತೊಡಿಸುತ್ತಾರೆ. ಅದೇ ಪೋಲರೈಸಿಂಗ್ ಫಿಲ್ಟರ್. ಅದನ್ನು ಕೊಳ್ಳಲು ಹೋದರೆ ಅಂಗಡಿಯವರು 'ಲೀನಿಯರ್ ಬೇಕೋ, ಸರ್ಕ್ಯುಲರ್ ಬೇಕೋ?' ಎಂದು ಕೇಳುವುದುಂಟು. ನೋಡಲು ಎರಡೂ ದುಂಡಗೇ ಇರುತ್ತವೆ! ಹೊಸಬರು ತಬ್ಬಿಬ್ಬಾಗುವುದು ಸಹಜ. ಈ ಪ್ರಶ್ನೆಯ ಹಿಂದೆ ಮುನ್ನೂರೈವತ್ತು ವರ್ಷಗಳ ಕಥೆಯಿದೆ.

1669ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ಬಾರ್ತೊಲಿನ್, ಐಸ್‌ಲ್ಯಾಂಡಿನಿಂದ ಬಂದ ಪಾರದರ್ಶಕ ಹರಳೊಂದು ತನ್ನ ಮೂಲಕ ಕಾಣುವ ವಸ್ತುವನ್ನು ಎರಡಾಗಿ ತೋರಿಸುವುದನ್ನು ವರ್ಣಿಸಿದ. ಹೀಗೇಕೆ ಎಂಬುದು ಬಹುಕಾಲ ಒಗಟಾಗಿಯೇ ಉಳಿಯಿತು. 1808ರ ಒಂದು ಸಂಜೆ, ನೆಪೋಲಿಯನ್ನನ ಸೇನೆಯಲ್ಲಿ ಎಂಜಿನಿಯರನಾಗಿದ್ದ ಎತಿಯೆನ್ ಲೂಯಿ ಮಾಲೂಸ್, ಪ್ಯಾರಿಸ್ಸಿನ ತನ್ನ ಮನೆಯಿಂದ ಇಂಥ ಹರಳನ್ನು ಕಣ್ಣಿಗೆ ಹಿಡಿದು ಎದುರಿನ ಲಕ್ಸೆಂಬರ್ಗ್ ಅರಮನೆಯತ್ತ ನೋಡಿದ. ಅರಮನೆಯ ಕಿಟಕಿ ಗಾಜುಗಳಲ್ಲಿ ಮುಳುಗುವ ಸೂರ್ಯ ಪ್ರತಿಫಲಿಸುತ್ತಿದ್ದ. ಹರಳನ್ನು ತಿರುಗಿಸಿದಂತೆ ಎರಡು ಬಿಂಬಗಳ ಪೈಕಿ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಮಂಕಾಗುತ್ತ ಹೋಯಿತು. ಗಾಜಿನಿಂದ ಮರಳಿದ ಬೆಳಕಿಗೆ ನೇರ ಬಿಸಿಲಿಗಿಲ್ಲದ ಯಾವುದೋ ಗುಣ ಬಂದಿತ್ತು. ಬೆಳಕಿನ ಕಣಗಳಿಗೆ ಅಯಸ್ಕಾಂತಕ್ಕಿರುವಂತೆ ಧ್ರುವಗಳಿವೆ ಎಂದು ಭಾವಿಸಿದ ಮಾಲೂಸ್ ಈ ಗುಣವನ್ನು 'ಧ್ರುವೀಕರಣ' ಎಂದು ಕರೆದ. ಆ ಊಹೆ ನಿಲ್ಲಲಿಲ್ಲ, ಹೆಸರು ಮಾತ್ರ ನಿಂತಿತು. 1812ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಆತ ಕ್ಷಯರೋಗಕ್ಕೆ ಬಲಿಯಾದ.

ಬೆಳಕು ಅಲೆಯಾಗಿ ಸಾಗುವಾಗ ಅದರ ಕಂಪನ ಪಯಣದ ದಿಕ್ಕಿಗೆ ಅಡ್ಡಲಾಗಿರುತ್ತದೆ. ಬಿಸಿಲಿನಲ್ಲಿ ಈ ಕಂಪನಗಳು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ, ಹೀಗೆ ಎಲ್ಲ ಬಗೆಯಲ್ಲೂ ಬೆರೆತಿರುತ್ತವೆ. ನೀರು ಅಥವಾ ಗಾಜಿನ ಮೇಲೆ ಓರೆಯಾಗಿ ಬಿದ್ದು ಮರಳುವ ಬೆಳಕಿನಲ್ಲಿ ಮಾತ್ರ ಮೇಲ್ಮೈಗೆ ಸಮನಾದ ಕಂಪನವೇ ಹೆಚ್ಚು. ಆ ಒಂದು ಬಗೆಯನ್ನು ತಡೆದರೆ ಹೊಳಪು ಅಡಗುತ್ತದೆ. ಯಾವ ಕೋನದಲ್ಲಿ ಇದು ಪೂರ್ಣವಾಗಿ ಸಾಧ್ಯ ಎಂಬ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಕಂಡುಕೊಂಡ. ಮೇಲ್ಮೈಗೆ ನೆಟ್ಟಗೆ ನಿಂತ ಗೆರೆಯಿಂದ ಅಳೆದರೆ ನೀರಿಗೆ ಅದು ಸುಮಾರು 53 ಡಿಗ್ರಿ, ಸಾಮಾನ್ಯ ಗಾಜಿಗೆ ಸುಮಾರು 56 ಡಿಗ್ರಿ.

ಇದನ್ನು ಸೊಗಸಾಗಿ ಬಳಸಿಕೊಂಡವರು ನಮ್ಮ ಸಿ. ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆಳೆಯಿತು. ಕಡಲಿನ ನೀಲಿಯೆಂದರೆ ಆಗಸದ ಪ್ರತಿಬಿಂಬವೇ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ನಿಕೋಲ್ ಪಟ್ಟಕದ ಮೂಲಕ ನೋಡಿ ನೀರಿನ ಮೇಲಿನ ಆಗಸದ ಬಿಂಬವನ್ನು ಅಳಿಸಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬುದಕ್ಕೆ ಅದು ಸಾಕ್ಷಿ. 1928ರ ರಾಮನ್ ಪರಿಣಾಮದ ಕಡೆಗೆ ನಡೆದ ದಾರಿ ಇಲ್ಲಿಂದಲೇ ಸಾಗುತ್ತದೆ.

ಆದರೆ ಹರಳಿನ ಪಟ್ಟಕಗಳು ಚಿಕ್ಕವು, ದುಬಾರಿ. ಅಗಲವಾದ, ತೆಳುವಾದ ಹಾಳೆ ಬೇಕಿತ್ತು. ಅದರ ಸುಳಿವು ಸಿಕ್ಕಿದ್ದು ಯಾರೂ ಊಹಿಸದ ಕಡೆ. 1852ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯ ವಿಲಿಯಂ ಹೆರಾಪತ್‌ನ ಶಿಷ್ಯನೊಬ್ಬ, ಕ್ವಿನೈನ್ ತಿನ್ನಿಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಹನಿಸಿದಾಗ ಹಸಿರು ಹೊಳಪಿನ ಸೂಜಿಯಂಥ ಹರಳುಗಳು ಮೂಡಿದವು. ಒಂದು ಹರಳಿನ ಮೇಲೆ ಇನ್ನೊಂದು ಅಡ್ಡ ಬಿದ್ದಲ್ಲಿ ಕಪ್ಪಾಗಿ ಕಂಡಿತು. ಧ್ರುವೀಕರಣದ ಗುರುತು ಅದೇ. ಆದರೆ ಈ ಹರಳುಗಳನ್ನು ದೊಡ್ಡದಾಗಿ ಬೆಳೆಸುವುದು ಬಲು ಕಷ್ಟವಾಗಿತ್ತು.

ಈ ತೊಡಕನ್ನು ಬಿಡಿಸಿದವನು ಹಾರ್ವರ್ಡ್ ವಿಶ್ವವಿದ್ಯಾಲಯದ ಓದನ್ನು ನಡುವೆಯೇ ಬಿಟ್ಟುಬಂದ ಅಮೆರಿಕದ ಹುಡುಗ ಎಡ್ವಿನ್ ಲ್ಯಾಂಡ್. 1926ರಲ್ಲಿ, ಹದಿನೇಳರ ಹರೆಯದಲ್ಲಿ, ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ಝಗಮಗ ಬೆಳಕಿನಲ್ಲಿ ಅಡ್ಡಾಡುತ್ತಿದ್ದಾಗ ಅವನಿಗೆ ಒಂದು ಯೋಚನೆ ಹೊಳೆಯಿತು: ಎದುರು ಬರುವ ಕಾರಿನ ದೀಪ ಚಾಲಕನ ಕಣ್ಣು ಕುಕ್ಕದಂತೆ ಮಾಡಿದರೆ ಎಷ್ಟು ಜೀವಗಳು ಉಳಿಯಬಹುದು! ದೊಡ್ಡ ಹರಳಿನ ಆಸೆಯನ್ನೇ ಬಿಟ್ಟು, ಅಸಂಖ್ಯಾತ ಕಿರು ಹರಳುಗಳನ್ನು ಮಂದ ದ್ರವದಲ್ಲಿ ಕಲಸಿ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಜೋಡಿಸಿ ಹಾಳೆ ಮಾಡಿದ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1938ರ ಹೊತ್ತಿಗೆ ಹರಳುಗಳೂ ಬೇಡವಾದವು. ಪ್ಲಾಸ್ಟಿಕ್ ಹಾಳೆಯನ್ನು ಹಿಗ್ಗಿಸಿ ಅಯೋಡಿನ್ ಉಣಿಸಿದರೆ ಸಾಕಾಯಿತು.

ಕಾರು ತಯಾರಕರು ಮಾತ್ರ ಇದನ್ನು ಒಪ್ಪಿಕೊಳ್ಳಲಿಲ್ಲ. ಹಾಳೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತಿತ್ತು. ಮೇಲಾಗಿ, ಎಲ್ಲ ವಾಹನಗಳಿಗೂ ಅಳವಡಿಸಿದರೆ ಮಾತ್ರ ಪ್ರಯೋಜನವಿತ್ತು. ಜೀವ ಉಳಿಸಲೆಂದು ಹುಟ್ಟಿದ ಹಾಳೆಗೆ 1934ರಲ್ಲಿ ಗಿರಾಕಿಯಾಗಿ ಬಂದದ್ದು ಕೊಡಕ್ ಕಂಪನಿ, ಅದೂ ಕ್ಯಾಮೆರಾ ಫಿಲ್ಟರಿಗಾಗಿ. ಲ್ಯಾಂಡ್ 1937ರಲ್ಲಿ ಕಟ್ಟಿದ ಪೋಲರಾಯ್ಡ್ ಕಂಪನಿ ತಂಪು ಕನ್ನಡಕಗಳಿಂದಲೂ ಮುಂದೆ ಕ್ಷಣದಲ್ಲಿ ಚಿತ್ರ ಕೊಡುವ ಕ್ಯಾಮೆರಾದಿಂದಲೂ ಜಗತ್ಪ್ರಸಿದ್ಧವಾಯಿತು. ಅವನ ಮೊದಲ ಕನಸು ಕನಸಾಗಿಯೇ ಉಳಿಯಿತು. ರಾತ್ರಿಯ ಹೆದ್ದಾರಿಯಲ್ಲಿ ಎದುರಿನ ದೀಪಕ್ಕೆ ಕಣ್ಣು ಕಿರಿದು ಮಾಡುವವರಿಗೆ ಆ ನಷ್ಟದ ಅರಿವಾದೀತು.

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ಲೀನಿಯರ್ ಫಿಲ್ಟರಿನಲ್ಲಿ ಇರುವುದು ಲ್ಯಾಂಡನ ಹಾಳೆಯಂಥ ಒಂದೇ ಪದರ. ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬೆಳಕಿನ ಒಂದು ಪಾಲನ್ನು ಅರೆಪಾರದರ್ಶಕ ಕನ್ನಡಿಯ ಮೂಲಕ ಬೆಳಕಿನ ಅಳತೆಗೂ ಫೋಕಸ್‌ಗೂ ಕಳುಹಿಸುವ ಏರ್ಪಾಡು ಬಂದಾಗ ತೊಂದರೆ ಶುರುವಾಯಿತು. ಒಂದೇ ದಿಕ್ಕಿನ ಕಂಪನವುಳ್ಳ ಬೆಳಕನ್ನು ಆ ಕನ್ನಡಿ ಸಮನಾಗಿ ಹಂಚುವುದಿಲ್ಲ, ಹಾಗಾಗಿ ಅಳತೆ ತಪ್ಪುತ್ತದೆ. ಪರಿಹಾರವೆಂದರೆ ಹಿಂಬದಿಗೆ ಇನ್ನೊಂದು ಪದರ ಸೇರಿಸಿ ಕಂಪನವು ಸುರುಳಿಯಂತೆ ಸುತ್ತುವಂತೆ ಮಾಡುವುದು. ಅದೇ ಸರ್ಕ್ಯುಲರ್. ಇಂಥ ಪದರ ಎಲ್ಲ ಬಣ್ಣಗಳಿಗೂ ಒಂದೇ ತೆರನಾಗಿ ಕೆಲಸ ಮಾಡುವುದು ಸುಲಭವಲ್ಲ. ಹಲವು ಪದರಗಳನ್ನು ಜೋಡಿಸಿ ಇದನ್ನು ಸಾಧಿಸುವ ಬಗೆಯನ್ನು 1955ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ತರುಣ ವಿಜ್ಞಾನಿ ಎಸ್. ಪಂಚರತ್ನಂ. ಮರುವರ್ಷ ಧ್ರುವೀಕೃತ ಬೆಳಕಿನ ಬಗ್ಗೆ ಅವರು ಬರೆದ ಪ್ರಬಂಧದ ಬೆಲೆ ಜಗತ್ತಿಗೆ ತಿಳಿದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಅವರು ಇಲ್ಲವಾಗಿದ್ದರು. 1969ರಲ್ಲಿ, ಮೂವತ್ತೈದರ ಆಸುಪಾಸಿನಲ್ಲೇ, ತೀರಿಕೊಂಡಿದ್ದರು.

ಕೊಳ್ಳುವವರು ಕನ್ನಡಿಯೆದುರು ಒಂದು ಪರೀಕ್ಷೆ ಮಾಡಬಹುದು. ಫಿಲ್ಟರಿನ ಮರೆಯಿರುವ ಬದಿಯನ್ನು ಕನ್ನಡಿಗೆ ಮುಖ ಮಾಡಿ, ಕಣ್ಣಿನ ಮುಂದೆ ಹಿಡಿದು, ಅದರೊಳಗಿಂದ ಅದರದೇ ಬಿಂಬವನ್ನು ನೋಡಿ. ಕಪ್ಪಾಗಿ ಕಂಡು, ತಿರುಗಿಸಿ ಹಿಡಿದಾಗ ತಿಳಿಯಾದರೆ ಸರ್ಕ್ಯುಲರ್. ಎರಡು ಬದಿಯೂ ತಿಳಿಯಾಗಿಯೇ ಇದ್ದರೆ ಲೀನಿಯರ್. ಹಳೆಯ ಫಿಲ್ಮ್ ಕ್ಯಾಮೆರಾ ಹಲವಕ್ಕೆ ಲೀನಿಯರ್ ಸಾಕು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಅನುಮಾನವಿದ್ದರೆ ಸರ್ಕ್ಯುಲರ್ ಕೊಳ್ಳುವುದೇ ಕ್ಷೇಮ.

ಬಳಸುವಾಗಲೂ ಕೆಲವು ಸಂಗತಿಗಳು ನೆನಪಿರಬೇಕು. ನೀಲಿ ಆಗಸ ಹೆಚ್ಚು ಗಾಢವಾಗುವುದು ಸೂರ್ಯನಿಗೆ 90 ಡಿಗ್ರಿ ಅಡ್ಡಲಾದ ಭಾಗದಲ್ಲಿ. ಆದ್ದರಿಂದ ಬಹಳ ಅಗಲದ ನೋಟದಲ್ಲಿ ಆಗಸ ಒಂದೆಡೆ ಕಪ್ಪಾಗಿ, ಇನ್ನೊಂದೆಡೆ ಬಿಳಿಚಿ ಕಾಣುತ್ತದೆ. ಲೋಹದ ಹೊಳಪು ಇದಕ್ಕೆ ಬಗ್ಗುವುದಿಲ್ಲ. ಬೆಳಕು ಅರ್ಧದಿಂದ ಕಾಲುಭಾಗಕ್ಕೆ ಇಳಿಯುವುದರಿಂದ ಮಬ್ಬಿನಲ್ಲಿ ಕೈ ಅಲುಗಿದರೆ ಚಿತ್ರ ಕೆಡುತ್ತದೆ. ಇನ್ನೊಂದು ಮಾತು: ನೀರಿನ ಹೊಳಪಿನಡಿ ಕಾಣದೇ ಹೋದ ಮೀನನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿ ತರಲಾಗದು. ಆ ತೀರ್ಮಾನ ದಂಡೆಯ ಮೇಲೆಯೇ ಆಗಬೇಕು. ಕಲ್ಯಾಣಿಯ ನೀರಿನಲ್ಲಿ ಗೋಪುರದ ನೆರಳು ಬೇಕಾದವರು ಮಾತ್ರ ಈ ಗಾಜನ್ನು ಬಿಚ್ಚಿ ಜೇಬಿಗಿಟ್ಟುಕೊಳ್ಳುವುದೇ ಒಳಿತು.