ಮ್ಯಾಲ್ ಮೆನಿಂಗಾ

ಮ್ಯಾಲ್ಕಮ್ ನಾರ್ಮನ್ ಮೆನಿಂಗಾ (ಜನನ: 8 ಜುಲೈ 1960) ಆಸ್ಟ್ರೇಲಿಯದ ರಗ್ಬಿ ಲೀಗ್ ಆಟಗಾರ ಮತ್ತು ತರಬೇತುದಾರ. ಸೆಂಟರ್ ಸ್ಥಾನದ ಆಟಗಾರರಾಗಿ ಕ್ಯಾನ್‌ಬೆರಾ ರೇಡರ್ಸ್ ಕ್ಲಬ್, ಕ್ವೀನ್ಸ್‌ಲ್ಯಾಂಡ್ ರಾಜ್ಯ ಹಾಗೂ ಆಸ್ಟ್ರೇಲಿಯ ತಂಡಗಳನ್ನು ಮುನ್ನಡೆಸಿದರು. ನಿವೃತ್ತಿಯ ಬಳಿಕ ಇದೇ ಮೂರು ತಂಡಗಳಿಗೆ ಒಂದಾದ ಮೇಲೊಂದರಂತೆ ಕೋಚ್ ಆದರು. ಇವರ ಮಾರ್ಗದರ್ಶನದಲ್ಲಿ ಕ್ವೀನ್ಸ್‌ಲ್ಯಾಂಡ್ 2006ರಿಂದ 2013ರವರೆಗೆ ಸತತ ಎಂಟು ಸ್ಟೇಟ್ ಆಫ್ ಒರಿಜಿನ್ ಸರಣಿಗಳನ್ನು ಗೆದ್ದಿತು. ಆಸ್ಟ್ರೇಲಿಯ ಎರಡು ವಿಶ್ವಕಪ್ ಪಡೆಯಿತು. ಕ್ಲಬ್ ಕೋಚ್ ಆಗಿ ಮಾತ್ರ ಇವರಿಗೆ ಪ್ರಶಸ್ತಿ ಒಲಿಯಲಿಲ್ಲ. ಕ್ಲಬ್ ಮಟ್ಟದ ಸಾಧಾರಣ ಫಲಿತಾಂಶಕ್ಕೂ ರಾಜ್ಯ ಮತ್ತು ರಾಷ್ಟ್ರ ತಂಡಗಳ ಅಸಾಧಾರಣ ಯಶಸ್ಸಿಗೂ ನಡುವಿನ ಈ ಅಂತರವೇ ಇವರ ತರಬೇತಿ ಜೀವನದ ವಿಶೇಷ.

ಆಟದ ಹಿನ್ನೆಲೆ

ರಗ್ಬಿ ಲೀಗ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದ ಕೈಗಾರಿಕಾ ಪಟ್ಟಣಗಳಲ್ಲಿ. ಶನಿವಾರ ಆಡಲು ಹೋದರೆ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಆ ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ಭರಿಸಿಕೊಡಬೇಕೆಂಬ ಬೇಡಿಕೆಯನ್ನು ರಗ್ಬಿ ಸಂಸ್ಥೆ ಒಪ್ಪದಿದ್ದಾಗ, ಅಲ್ಲಿನ ಕ್ಲಬ್‌ಗಳು 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ ಪ್ರತ್ಯೇಕ ಒಕ್ಕೂಟ ಕಟ್ಟಿಕೊಂಡವು. 1908ರಲ್ಲಿ ಸಿಡ್ನಿಯಲ್ಲಿ ಇದರ ಲೀಗ್ ಆರಂಭವಾಯಿತು. ಇಂದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ರಗ್ಬಿ ಎಂದರೆ ಹೆಚ್ಚಾಗಿ ಇದೇ ಆಟ.

ಪ್ರತಿ ತಂಡದಲ್ಲಿ 13 ಮಂದಿ ಆಡುತ್ತಾರೆ. ಚೆಂಡು ಹಿಡಿದು ನುಗ್ಗುವವನನ್ನು ಎದುರಾಳಿಗಳು, ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಕೆಡವುವಂತೆ, ಟ್ಯಾಕಲ್ ಮಾಡಿ ನಿಲ್ಲಿಸುತ್ತಾರೆ. ಆರು ಟ್ಯಾಕಲ್ ಮುಗಿಯುವುದರೊಳಗೆ ಅಂಕ ಬಾರದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’. ಅದಕ್ಕೆ 4 ಅಂಕ. ಟ್ರೈ ಬಳಿಕ ಚೆಂಡನ್ನು ಕಂಬಗಳ ನಡುವೆ ಒದ್ದು ಗೋಲ್ ಮಾಡಿದರೆ ಇನ್ನೂ 2 ಅಂಕ. ಸೆಂಟರ್ ಆಟಗಾರನಿಗೆ ವೇಗವೂ ಬೇಕು, ಮೈಬಲವೂ ಬೇಕು. ನೂರು ಕಿಲೋಗೂ ಹೆಚ್ಚು ತೂಗುತ್ತಿದ್ದ ಮೆನಿಂಗಾ ಅವರಲ್ಲಿ ಎರಡೂ ಇದ್ದವು; ಮೇಲಾಗಿ ಅವರು ನುರಿತ ಗೋಲ್ ಕಿಕ್ಕರ್.

ಬಾಲ್ಯ ಮತ್ತು ಆರಂಭದ ದಿನಗಳು

ಮೆನಿಂಗಾ ಹುಟ್ಟಿದ್ದು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಸೀಮೆಯ ಬಂಡಬರ್ಗ್ ಪಟ್ಟಣದಲ್ಲಿ. ಇವರ ಪೂರ್ವಜರು ಪೆಸಿಫಿಕ್ ಸಾಗರದ ವನುವಾಟುವಿನ ತನ್ನಾ ದ್ವೀಪದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಬ್ಬಿನ ತೋಟಗಳ ದುಡಿಮೆಗಾಗಿ ಸುಮಾರು 60 ಸಾವಿರ ದ್ವೀಪವಾಸಿಗಳನ್ನು ಕ್ವೀನ್ಸ್‌ಲ್ಯಾಂಡಿಗೆ ಸಾಗಿಸಲಾಗಿತ್ತು. ಕೆಲವರು ಕರಾರಿನ ಮೇಲೆ ಬಂದರೆ, ಅನೇಕರನ್ನು ಮೋಸದಿಂದಲೋ ಬಲವಂತದಿಂದಲೋ ಹಡಗು ಹತ್ತಿಸಿದ್ದರು. ಅವರ ಸಂತತಿಯವರು ಇಂದು ಆಸ್ಟ್ರೇಲಿಯದಲ್ಲಿ ‘ಸೌತ್ ಸೀ ಐಲ್ಯಾಂಡರ್’ ಎಂಬ ಪ್ರತ್ಯೇಕ ಸಮುದಾಯವಾಗಿದ್ದಾರೆ. ತಂದೆ ನಾರ್ಮನ್ ಕೂಡ ರಗ್ಬಿ ಲೀಗ್ ಆಡಿದವರು.

ಹದಿಹರೆಯದಲ್ಲಿ ಮೆನಿಂಗಾ ಪೊಲೀಸ್ ಕೆಡೆಟ್ ಆಗಿ ಬ್ರಿಸ್ಬೇನ್‌ನ ಪೊಲೀಸ್ ಅಕಾಡೆಮಿ ಸೇರಿದರು. ಅಲ್ಲಿ ದೈಹಿಕ ಶಿಕ್ಷಣ ಕೊಡುತ್ತಿದ್ದವರು ವೇಯ್ನ್ ಬೆನೆಟ್. ಮುಂದೆ ಆಸ್ಟ್ರೇಲಿಯದ ಅತ್ಯಂತ ಹೆಸರಾಂತ ಕೋಚ್‌ಗಳಲ್ಲಿ ಒಬ್ಬರಾದವರು. 1979ರಲ್ಲಿ ಮೆನಿಂಗಾ ಬ್ರಿಸ್ಬೇನ್ ಲೀಗ್‌ನ ಸೌತ್ಸ್ ಕ್ಲಬ್ಬಿಗೆ ಸೇರಿ 1981 ಮತ್ತು 1985ರಲ್ಲಿ ಚಾಂಪಿಯನ್ ತಂಡದ ಸದಸ್ಯರಾದರು. 1985ರ ಗೆಲುವಿನ ಹೊತ್ತಿಗೆ ಸೌತ್ಸ್‌ನ ಕೋಚ್ ಬೆನೆಟ್ ಅವರೇ. ನಡುವೆ 1984–85ರ ಒಂದು ಋತುವನ್ನು ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಕ್ಲಬ್ಬಿನಲ್ಲಿ ಕಳೆದು, 31 ಪಂದ್ಯಗಳಲ್ಲಿ 28 ಟ್ರೈ ಗಳಿಸಿದರು. ಆ ಋತುವಿನಲ್ಲಿ ತಂಡ ಲ್ಯಾಂಕಷೈರ್ ಕಪ್ ಮತ್ತು ಪ್ರೀಮಿಯರ್‌ಶಿಪ್ ಎರಡನ್ನೂ ಗೆದ್ದಿತು. ಎರಡೂ ಫೈನಲ್‌ಗಳಲ್ಲಿ ಮೆನಿಂಗಾ ತಲಾ ಎರಡು ಟ್ರೈ ಹೊಡೆದರು.

ಕ್ವೀನ್ಸ್‌ಲ್ಯಾಂಡ್ ತಂಡದಲ್ಲಿ

ಒಂದು ಕಾಲದಲ್ಲಿ ಅಂತರರಾಜ್ಯ ಪಂದ್ಯಗಳಿಗೆ ಆಟಗಾರನನ್ನು ಆರಿಸುತ್ತಿದ್ದದ್ದು ಅವನು ಆಡುವ ಕ್ಲಬ್ ಯಾವ ರಾಜ್ಯದ್ದು ಎಂಬುದನ್ನು ನೋಡಿ. ದುಡ್ಡು ಹೆಚ್ಚಿದ್ದ ಸಿಡ್ನಿ ಕ್ಲಬ್‌ಗಳು ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಆಟಗಾರರನ್ನು ಸೆಳೆದುಕೊಳ್ಳುತ್ತಿದ್ದುದರಿಂದ ಅವರೆಲ್ಲ ತವರಿನ ವಿರುದ್ಧವೇ ಆಡಬೇಕಾಗುತ್ತಿತ್ತು. ಕ್ವೀನ್ಸ್‌ಲ್ಯಾಂಡ್ ವರ್ಷ ವರ್ಷವೂ ಸೋಲುತ್ತಿತ್ತು. ಆಟಗಾರ ತನ್ನ ಮೂಲ ರಾಜ್ಯಕ್ಕೇ ಆಡಬೇಕೆಂಬ ನಿಯಮದಡಿ ನಡೆದ ಮೊದಲ ಸ್ಟೇಟ್ ಆಫ್ ಒರಿಜಿನ್ ಪಂದ್ಯ 1980ರ ಜುಲೈ 8ರಂದು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ನಡೆಯಿತು. ಅಂದು ಮೆನಿಂಗಾ ಅವರ ಇಪ್ಪತ್ತನೆಯ ಹುಟ್ಟುಹಬ್ಬ. ಏಳು ಬಾರಿ ಗೋಲಿಗೆ ಒದ್ದು ಏಳನ್ನೂ ಅಂಕವಾಗಿಸಿದರು. ಆರ್ಥರ್ ಬೀಟ್ಸನ್ ನಾಯಕತ್ವದ ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು.

ಮೆನಿಂಗಾ ಒಟ್ಟು 32 ಒರಿಜಿನ್ ಪಂದ್ಯಗಳಲ್ಲಿ 161 ಅಂಕ ಗಳಿಸಿದರು. ಜೊನಾಥನ್ ಥರ್ಸ್ಟನ್ ದಾಟುವವರೆಗೂ ಇದು ದಾಖಲೆಯಾಗಿತ್ತು. ಆದರೆ ನಾಯಕರಾಗಿದ್ದ 1992, 1993 ಮತ್ತು 1994ರ ಮೂರೂ ಸರಣಿಗಳನ್ನು ಕ್ವೀನ್ಸ್‌ಲ್ಯಾಂಡ್ 1–2ರಿಂದ ಕಳೆದುಕೊಂಡಿತು.

ಕ್ಯಾನ್‌ಬೆರಾ ರೇಡರ್ಸ್

1986ರಲ್ಲಿ ಮೆನಿಂಗಾ ರಾಜಧಾನಿಯ ಕ್ಯಾನ್‌ಬೆರಾ ರೇಡರ್ಸ್ ಸೇರಿದರು. ಮರುವರ್ಷ ಪಂದ್ಯವೊಂದರಲ್ಲಿ ಎಡಗೈ ಗೋಲ್ ಕಂಬಕ್ಕೆ ಬಡಿದು ಮೂಳೆ ಮುರಿಯಿತು. ಕೂಡಿಕೊಂಡಿತು ಅನ್ನುವಷ್ಟರಲ್ಲಿ ಮತ್ತೆ ಮುರಿಯುತ್ತ ಹೋದ ಆ ಕೈ ಎರಡು ಋತುಗಳ ಆಟವನ್ನು ಬಹುಮಟ್ಟಿಗೆ ನುಂಗಿತು. ಆಟಬದುಕೇ ಮುಗಿಯಿತೆಂದು ಅನೇಕರು ಭಾವಿಸಿದ್ದರು.

1989ರಲ್ಲಿ ಮೆನಿಂಗಾ ನಾಯಕರಾಗಿ, ಟಿಮ್ ಶೀನ್ಸ್ ಕೋಚ್ ಆಗಿ ಇದ್ದ ಕ್ಯಾನ್‌ಬೆರಾ ತಂಡ ಸಿಡ್ನಿಯ ಬಾಲ್ಮೇನ್ ವಿರುದ್ಧ ಸಿಡ್ನಿ ಲೀಗ್‌ನ ಫೈನಲ್ ಆಡಿತು. ವಿರಾಮದ ಹೊತ್ತಿಗೆ ಬಾಲ್ಮೇನ್ 12–2ರಿಂದ ಮುಂದಿತ್ತು. ಎರಡನೆಯ ಅವಧಿಯಲ್ಲಿ ಬಾಲ್ಮೇನ್‌ನ ಮಿಕ್ ನೀಲ್ ಗೆರೆಯತ್ತ ಓಡುತ್ತಿದ್ದಾಗ ಹಿಂದಿನಿಂದ ಹಾರಿದ ಮೆನಿಂಗಾ ಅವರ ಕೈ ನೀಲ್ ಕಾಲಿಗೆ ತಗುಲಿತು. ಖಚಿತವೆನಿಸಿದ್ದ ಟ್ರೈ ತಪ್ಪಿತು. ಆಟ ಮುಗಿಯಲು ಒಂದೆರಡು ನಿಮಿಷವಷ್ಟೇ ಉಳಿದಿದ್ದಾಗ ಜಾನ್ ಫರ್ಗ್ಯುಸನ್ ಟ್ರೈ ಗಳಿಸಿದರು, ಮೆನಿಂಗಾ ಗೋಲ್ ಒದ್ದು 14–14 ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಕ್ಯಾನ್‌ಬೆರಾ 19–14ರಿಂದ ಗೆದ್ದಿತು. ಈ ಪ್ರಶಸ್ತಿ ಸಿಡ್ನಿಯ ಗಡಿ ದಾಟಿದ್ದು ಅದೇ ಮೊದಲು.

1990ರಲ್ಲಿ ಪೆನ್ರಿತ್ ವಿರುದ್ಧ 18–14ರಿಂದ ಗೆದ್ದು ತಂಡ ಪ್ರಶಸ್ತಿ ಉಳಿಸಿಕೊಂಡಿತು; 1991ರ ಫೈನಲ್‌ನಲ್ಲಿ ಅದೇ ಪೆನ್ರಿತ್‌ಗೆ ಸೋತಿತು. 1994ರ ಫೈನಲ್ ಕ್ಲಬ್ ಪರವಾಗಿ ಮೆನಿಂಗಾ ಆಡಿದ ಕೊನೆಯ ಪಂದ್ಯ. ಅದರಲ್ಲಿ ಎದುರಾಳಿಯ ಪಾಸನ್ನು ನಡುವೆಯೇ ಕಸಿದು ಟ್ರೈ ಗಳಿಸಿದರು. ಕ್ಯಾನ್‌ಬೆರಾ 36–12ರಿಂದ ಕ್ಯಾಂಟರ್ಬರಿಯನ್ನು ಮಣಿಸಿತು.

ಆಸ್ಟ್ರೇಲಿಯ ತಂಡದಲ್ಲಿ

ಕ್ಯಾಂಗರೂಸ್ ಎಂದು ಕರೆಯಲಾಗುವ ಆಸ್ಟ್ರೇಲಿಯ ತಂಡಕ್ಕೆ ಮೆನಿಂಗಾ 1982ರಲ್ಲಿ ಬಂದರು. ಆ ವರ್ಷ ಬ್ರಿಟನ್ ಮತ್ತು ಫ್ರಾನ್ಸ್ ಪ್ರವಾಸದಲ್ಲಿ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಮುಂದೆ 1986, 1990 ಮತ್ತು 1994ರ ಪ್ರವಾಸಗಳಿಗೂ ಹೋದ ಮೆನಿಂಗಾ, ಇಂಥ ನಾಲ್ಕು ಪ್ರವಾಸ ಮಾಡಿದ ಮೊದಲ ಆಟಗಾರ. ಕೊನೆಯ ಎರಡು ಪ್ರವಾಸಗಳಲ್ಲಿ ನಾಯಕರೂ ಅವರೇ.

1990ರ ಪ್ರವಾಸದ ಮೊದಲ ಟೆಸ್ಟ್‌ನಲ್ಲಿ ಗ್ರೇಟ್ ಬ್ರಿಟನ್ ವೆಂಬ್ಲಿಯಲ್ಲಿ 19–12ರಿಂದ ಗೆದ್ದಿತ್ತು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆದ ಎರಡನೆಯದನ್ನೂ ಗೆದ್ದರೆ ಸರಣಿ ಬ್ರಿಟನ್ನಿನದು. ಆಸ್ಟ್ರೇಲಿಯದ ರಿಕಿ ಸ್ಟುವರ್ಟ್ ಅವರ ಪಾಸೊಂದು ಎದುರಾಳಿಯ ಕೈಸೇರಿ ಟ್ರೈ ಆಗಿ ಆಟ 10–10ಕ್ಕೆ ಬಂದು ನಿಂತಿತ್ತು. ಕೊನೆಯ ಗಳಿಗೆಯಲ್ಲಿ ಅದೇ ಸ್ಟುವರ್ಟ್ ತಮ್ಮ ಅರ್ಧಭಾಗದ ಆಳದಿಂದ ಪಾಸ್ ಕೊಡುವಂತೆ ನಟಿಸಿ, ಕಂಡ ಸಂದಿಯಲ್ಲಿ ನುಸುಳಿ ಓಡತೊಡಗಿದರು. ಪಕ್ಕದಲ್ಲೇ ದಾಪುಗಾಲಿಟ್ಟು ಬಂದ ಮೆನಿಂಗಾ, ಅಡ್ಡ ಬರುತ್ತಿದ್ದ ಕಾರ್ಲ್ ಗಿಬ್ಸನ್‌ರನ್ನು ಭುಜದಿಂದ ಬದಿಗೊತ್ತಿ, ಸ್ಟುವರ್ಟ್ ಕೊಟ್ಟ ಚೆಂಡು ಹಿಡಿದು ಗೆರೆಯಾಚೆ ಬಿದ್ದರು. ಆಸ್ಟ್ರೇಲಿಯ 14–10ರಿಂದ ಗೆದ್ದು, ಮೂರನೆಯ ಟೆಸ್ಟ್‌ನೊಂದಿಗೆ ಸರಣಿಯನ್ನೂ ತನ್ನದಾಗಿಸಿಕೊಂಡಿತು.

1992ರಲ್ಲಿ ವೆಂಬ್ಲಿಯಲ್ಲಿ 73,631 ಪ್ರೇಕ್ಷಕರ ಮುಂದೆ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಮೆನಿಂಗಾ ನಾಯಕತ್ವದ ತಂಡ ಗ್ರೇಟ್ ಬ್ರಿಟನ್ನನ್ನು 10–6ರಿಂದ ಸೋಲಿಸಿತು. 23 ಟೆಸ್ಟ್‌ಗಳಲ್ಲಿ ದೇಶದ ನಾಯಕರಾಗಿದ್ದ ಅವರು 1994ರ ಡಿಸೆಂಬರಿನಲ್ಲಿ ಫ್ರಾನ್ಸಿನ ಬೆಝಿಯೆಯಲ್ಲಿ 74–0 ಗೆಲುವಿನೊಂದಿಗೆ ಆಟಕ್ಕೆ ವಿದಾಯ ಹೇಳಿದರು.

ಕ್ಲಬ್ ಕೋಚ್

1997ರಲ್ಲಿ ಟಿಮ್ ಶೀನ್ಸ್ ಬಿಟ್ಟ ಜಾಗಕ್ಕೆ ಮೆನಿಂಗಾ ಕ್ಯಾನ್‌ಬೆರಾದ ಕೋಚ್ ಆಗಿ ಬಂದರು. ಬೇರೆಲ್ಲೂ ಕೋಚ್ ಆಗಿ ಪಳಗದೆ ನೇರವಾಗಿ ಉನ್ನತ ದರ್ಜೆಯ ತಂಡದ ಹೊಣೆ ಹೊತ್ತದ್ದು ಇದು. ಕಾಲವೂ ಸುಗಮವಾಗಿರಲಿಲ್ಲ. ಟಿವಿ ಪ್ರಸಾರದ ಹಕ್ಕಿನ ಜಗಳದಲ್ಲಿ ಆಸ್ಟ್ರೇಲಿಯದ ರಗ್ಬಿ ಲೀಗ್ ಎರಡು ಹೋಳಾಗಿ, 1997ರಲ್ಲಿ ಎರಡು ಪ್ರತ್ಯೇಕ ಲೀಗ್‌ಗಳು ನಡೆದವು. ಕ್ಯಾನ್‌ಬೆರಾ ಹೊಸ ಸೂಪರ್ ಲೀಗ್ ಪಾಳಯದಲ್ಲಿತ್ತು. ಮರುವರ್ಷ ಎರಡೂ ಕೂಡಿ ಈಗಿನ ಎನ್‌ಆರ್‌ಎಲ್ ಹುಟ್ಟಿತು. ಅಷ್ಟರಲ್ಲಿ ರೇಡರ್ಸ್‌ನ ಸುವರ್ಣ ಪೀಳಿಗೆಗೆ ವಯಸ್ಸಾಗಿತ್ತು. ಸ್ಟುವರ್ಟ್ ಮತ್ತು ಬ್ರಾಡ್ಲಿ ಕ್ಲೈಡ್ 1998ರ ಕೊನೆಗೆ ಬೇರೆ ಕ್ಲಬ್ ಸೇರಿದರು. ಲಾರಿ ಡೇಲಿ 2000ದಲ್ಲಿ ನಿವೃತ್ತರಾದರು. ಐದು ಋತುಗಳಲ್ಲಿ ತಂಡ 1997, 1998 ಮತ್ತು 2000ದಲ್ಲಿ ಅಂತಿಮ ಸುತ್ತಿನ ಪಂದ್ಯಗಳಿಗೆ ಬಂದರೂ ಪ್ರಶಸ್ತಿಯ ಹಂತ ಮುಟ್ಟಲಿಲ್ಲ. 2001ರ ಕೊನೆಗೆ ಮೆನಿಂಗಾ ಹುದ್ದೆ ತೊರೆದರು.

ಅದೇ ವರ್ಷ ಅವರು ಕ್ಯಾನ್‌ಬೆರಾದ ಶಾಸನಸಭೆಗೆ ಪಕ್ಷೇತರ ಅಭ್ಯರ್ಥಿಯಾಗಿ ನಿಲ್ಲಲು ಮುಂದಾದರು. ರೇಡಿಯೋ ಸಂದರ್ಶನದಲ್ಲಿ ಸ್ಪರ್ಧೆಯ ಕಾರಣ ಹೇಳಲು ಶುರುಮಾಡಿದವರು ಕೆಲವೇ ಕ್ಷಣಗಳಲ್ಲಿ ಮಾತು ನಿಲ್ಲಿಸಿ, ಕ್ಷಮೆ ಕೇಳಿ, ಕಣದಿಂದ ಹಿಂದೆ ಸರಿದರು. ಆಸ್ಟ್ರೇಲಿಯದ ಅತಿ ಚಿಕ್ಕ ರಾಜಕೀಯ ಜೀವನವೆಂದು ಇದನ್ನು ಇಂದಿಗೂ ನೆನೆಯುತ್ತಾರೆ.

ಕ್ವೀನ್ಸ್‌ಲ್ಯಾಂಡ್ ಕೋಚ್

2006ರಲ್ಲಿ ಮೆನಿಂಗಾ ಕ್ವೀನ್ಸ್‌ಲ್ಯಾಂಡಿನ ಕೋಚ್ ಆದಾಗ ನ್ಯೂ ಸೌತ್ ವೇಲ್ಸ್ ಹಿಂದಿನ ಮೂರು ಸರಣಿಗಳನ್ನು ಗೆದ್ದಿತ್ತು. ಹೊಸ ಕೋಚ್‌ನ ಮೊದಲ ಪಂದ್ಯವೂ 16–17ರಿಂದ ಕೈತಪ್ಪಿತು. ಎರಡನೆಯದರಲ್ಲಿ 30–6ರ ಗೆಲುವು ಬಂತು. ಮೆಲ್ಬರ್ನ್‌ನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಹತ್ತು ನಿಮಿಷವಷ್ಟೇ ಉಳಿದಿದ್ದಾಗ ಕ್ವೀನ್ಸ್‌ಲ್ಯಾಂಡ್ 4–14ರಿಂದ ಹಿಂದಿತ್ತು. ಥರ್ಸ್ಟನ್ ನುಗ್ಗಿ ತಂದ ಚೆಂಡಿನಿಂದ ಬ್ರೆಂಟ್ ಟೇಟ್ ಟ್ರೈ ಗಳಿಸಿದರು. ಬಳಿಕ ನ್ಯೂ ಸೌತ್ ವೇಲ್ಸ್‌ನ ಬ್ರೆಟ್ ಹಾಜ್ಸನ್ ಎಸೆದ ಪಾಸ್ ಗುರಿತಪ್ಪಿ ನೆಲದ ಮೇಲೆ ಪುಟಿಯಿತು. ನಾಯಕ ಡ್ಯಾರೆನ್ ಲಾಕಿಯರ್ ಅದನ್ನು ಬಾಚಿಕೊಂಡು ಟ್ರೈ ಮಾಡಿದರು. ಪಂದ್ಯ 16–14, ಸರಣಿ 2–1.

ಮುಂದಿನ ಏಳು ಸರಣಿಗಳೂ ಕ್ವೀನ್ಸ್‌ಲ್ಯಾಂಡಿನ ಪಾಲಾದವು. 2010ರಲ್ಲಿ ಮೂರಕ್ಕೆ ಮೂರೂ ಪಂದ್ಯ ಗೆದ್ದಿತು. 2014ರಲ್ಲಿ ಸರಪಳಿ ತುಂಡಾಯಿತು. 2015ರ ನಿರ್ಣಾಯಕ ಪಂದ್ಯ ಮತ್ತೆ ಲ್ಯಾಂಗ್ ಪಾರ್ಕ್‌ನಲ್ಲಿ, ಅದೂ ಜುಲೈ 8ರಂದು, ಮೆನಿಂಗಾ ಅವರ 55ನೆಯ ಹುಟ್ಟುಹಬ್ಬದ ದಿನವೇ ನಡೆಯಿತು. ಥರ್ಸ್ಟನ್ ಒಂಬತ್ತು ಬಾರಿ ಗೋಲಿಗೆ ಒದ್ದು ಒಂಬತ್ತನ್ನೂ ಗಳಿಸಿದರು. ಕ್ವೀನ್ಸ್‌ಲ್ಯಾಂಡ್ 52–6ರಿಂದ ಗೆದ್ದಿತು. ರಾಜ್ಯ ತಂಡದ ಕೋಚ್ ಆಗಿ ಅದು ಮೆನಿಂಗಾ ಅವರ ಕೊನೆಯ ಪಂದ್ಯ. ಒಟ್ಟು 30 ಪಂದ್ಯಗಳಲ್ಲಿ 20 ಗೆಲುವು, ಹತ್ತು ಸರಣಿಗಳಲ್ಲಿ ಒಂಬತ್ತು.

ತರಬೇತಿಯ ರೀತಿ

ಲಾಕಿಯರ್, ಥರ್ಸ್ಟನ್, ಕ್ಯಾಮರಾನ್ ಸ್ಮಿತ್, ಬಿಲ್ಲಿ ಸ್ಲೇಟರ್, ಗ್ರೆಗ್ ಇಂಗ್ಲಿಸ್, ಕೂಪರ್ ಕ್ರಾಂಕ್ ಒಂದೇ ತಂಡದಲ್ಲಿದ್ದರೆ ಯಾರು ಕೋಚ್ ಆಗಿದ್ದರೂ ಗೆಲ್ಲಬಹುದಿತ್ತು ಎಂಬ ಟೀಕೆ ಇದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ರಾಜ್ಯ ತಂಡದ ಕೋಚ್‌ನ ಕೆಲಸವೇ ಬೇರೆ ಬಗೆಯದು. ಕ್ಲಬ್ ಕೋಚ್ ವರ್ಷವಿಡೀ ಆಟಗಾರರನ್ನು ಹುಡುಕಿ, ಬೆಳೆಸಿ, ವೇತನ ಮಿತಿಯೊಳಗೆ ಹಿಡಿದಿಟ್ಟು, ವಾರ ವಾರವೂ ಹೊಸ ಎದುರಾಳಿಗೆ ತಯಾರು ಮಾಡಬೇಕು. ಒರಿಜಿನ್ ಕೋಚ್‌ಗೆ ಸಿಗುವುದು ಪಂದ್ಯಕ್ಕೆ ಮುಂಚಿನ ಕೆಲವು ದಿನಗಳ ಶಿಬಿರ ಮಾತ್ರ. ಅಲ್ಲಿಗೆ ಬರುವವರು ಆಟ ಬಲ್ಲವರೇ. ಬೇರೆ ಬೇರೆ ಕ್ಲಬ್‌ಗಳಲ್ಲಿ ವಾರವಷ್ಟೇ ಹಿಂದೆ ಪರಸ್ಪರ ಸೆಣಸಿದವರು. ಅವರನ್ನು ಒಂದು ಮನೆಯವರನ್ನಾಗಿ ಮಾಡುವುದೇ ಮುಖ್ಯ.

ಮೆನಿಂಗಾ ಇದರಲ್ಲಿ ಪಳಗಿದ್ದರು. ಆಟದ ತಾಂತ್ರಿಕ ವಿವರಗಳಲ್ಲಿ ಬಹಳಷ್ಟನ್ನು ನೀಲ್ ಹೆನ್ರಿಯಂಥ ಸಹಾಯಕರಿಗೂ ಹಿರಿಯ ಆಟಗಾರರಿಗೂ ಬಿಟ್ಟುಕೊಟ್ಟು, ತಾವು ಆಯ್ಕೆ ಮತ್ತು ತಂಡದ ಒಗ್ಗಟ್ಟಿನ ಕಡೆ ಗಮನವಿಟ್ಟರು. ಒಂದು ಪಂದ್ಯ ಕೆಟ್ಟಿತೆಂದು ಆಟಗಾರರನ್ನು ಕೈಬಿಡುತ್ತಿರಲಿಲ್ಲ. 1980ರ ಮೊದಲ ಪಂದ್ಯ ಆಡಿದವರೇ ಆ ಜೆರ್ಸಿಯ ಬೆಲೆ ಹೇಳುವಾಗ ಅದಕ್ಕೆ ತನ್ನದೇ ತೂಕವಿತ್ತು. ಈ ಅಭಿಮಾನ ಕೆಲವೊಮ್ಮೆ ಮಿತಿ ಮೀರಿದ್ದೂ ಉಂಟು: 2011ರ ಗೆಲುವಿನ ಬಳಿಕ ನ್ಯೂ ಸೌತ್ ವೇಲ್ಸ್ ಪಾಳಯವನ್ನು ಕಟುವಾಗಿ ಹಳಿದು ಬರೆದ ಪತ್ರಿಕಾ ಅಂಕಣ ದೊಡ್ಡ ಗದ್ದಲಕ್ಕೆ ಕಾರಣವಾಯಿತು.

ರಾಷ್ಟ್ರ ತಂಡದ ಕೋಚ್

2015ರ ಡಿಸೆಂಬರಿನಲ್ಲಿ ಮೆನಿಂಗಾ ಆಸ್ಟ್ರೇಲಿಯದ ಕೋಚ್ ಆದರು. ಇಲ್ಲಿಯೂ ಅವರು ಶೀನ್ಸ್ ಅವರ ಉತ್ತರಾಧಿಕಾರಿ. 2016ರ ಫೋರ್ ನೇಷನ್ಸ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 34–8 ಹಾಗೂ 2017ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 6–0 ಗೆಲುವು ಬಂದವು. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿ 2022ರಲ್ಲಿ ನಡೆದ ವಿಶ್ವಕಪ್‌ನಲ್ಲಿ, ಹಾಫ್‌ಬ್ಯಾಕ್ ಸ್ಥಾನಕ್ಕಿದ್ದ ಡೇಲಿ ಚೆರ್ರಿ-ಇವಾನ್ಸ್ ಮತ್ತು ನೇಥನ್ ಕ್ಲಿಯರಿ ಇಬ್ಬರಿಗೂ ಗುಂಪು ಹಂತದಲ್ಲಿ ಅವಕಾಶ ಕೊಟ್ಟು, ಕೊನೆಗೆ ಕ್ಲಿಯರಿಯನ್ನು ಉಳಿಸಿಕೊಂಡರು. ಓಲ್ಡ್ ಟ್ರಾಫರ್ಡ್‌ನ ಫೈನಲ್‌ನಲ್ಲಿ ಸಮೋವಾ 10–30ರಿಂದ ಸೋತಿತು.

ಸೋಲುಗಳೂ ಇವೆ. 2019ರಲ್ಲಿ ಟೋಂಗಾ 16–12ರಿಂದ ಆಸ್ಟ್ರೇಲಿಯವನ್ನು ಕೆಡವಿ ಜಗತ್ತನ್ನು ಬೆರಗುಗೊಳಿಸಿತು. 2023ರಲ್ಲಿ ಹ್ಯಾಮಿಲ್ಟನ್‌ನಲ್ಲಿ ನ್ಯೂಜಿಲೆಂಡ್ ಎದುರು ಅನುಭವಿಸಿದ 0–30 ಸೋಲು ಆಸ್ಟ್ರೇಲಿಯ ತಂಡದ ಇತಿಹಾಸದಲ್ಲೇ ಅತಿ ದೊಡ್ಡದು. 2024ರ ಪೆಸಿಫಿಕ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಟೋಂಗಾವನ್ನು 20–14ರಿಂದ ಸೋಲಿಸಿ ತಂಡ ಚೇತರಿಸಿಕೊಂಡಿತು.

ಗೌರವಗಳು ಮತ್ತು ಮುಂದಿನ ಹೊಣೆ

2008ರಲ್ಲಿ ಆಯ್ಕೆಯಾದ ಆಸ್ಟ್ರೇಲಿಯದ ಶತಮಾನದ ತಂಡದಲ್ಲಿ ಮೆನಿಂಗಾ ಅವರಿಗೆ ರೆಗ್ ಗ್ಯಾಸ್ನಿಯರ್ ಜೊತೆ ಸೆಂಟರ್ ಸ್ಥಾನ ಸಿಕ್ಕಿತು. 2018ರಲ್ಲಿ ಆಸ್ಟ್ರೇಲಿಯ ರಗ್ಬಿ ಲೀಗ್‌ನ ಅತ್ಯುನ್ನತ ಮನ್ನಣೆಯಾದ ‘ಇಮ್ಮಾರ್ಟಲ್’ ಸಾಲಿಗೆ ಹದಿಮೂರನೆಯವರಾಗಿ ಸೇರಿದರು. ಕ್ಯಾನ್‌ಬೆರಾ ಕ್ರೀಡಾಂಗಣದ ಮುಖ್ಯ ಗ್ಯಾಲರಿಗೆ ಇವರ ಹೆಸರಿಡಲಾಗಿದೆ.

2025ರಲ್ಲಿ ರಾಷ್ಟ್ರ ತಂಡವನ್ನು ಬಿಟ್ಟ ಮೆನಿಂಗಾ, 2027ರಲ್ಲಿ ಎನ್‌ಆರ್‌ಎಲ್ ಪ್ರವೇಶಿಸಲಿರುವ ಪರ್ತ್ ಬೇರ್ಸ್ ಕ್ಲಬ್ಬಿನ ಮೊದಲ ಕೋಚ್ ಆಗಿ ನೇಮಕಗೊಂಡರು. ಈ ಆಟಕ್ಕೆ ಬೇರು ಕಡಿಮೆಯಿರುವ ಪಶ್ಚಿಮ ಆಸ್ಟ್ರೇಲಿಯದಲ್ಲಿ ಆಟಗಾರರನ್ನು ಒಬ್ಬೊಬ್ಬರಾಗಿ ಕರೆತಂದು ತಂಡ ಕಟ್ಟಬೇಕಾದ ಕೆಲಸ ಅದು. ರಾಜ್ಯ ಮತ್ತು ದೇಶದ ಕೋಚ್ ಆಗಿ ಸಾಧಿಸಿದ್ದನ್ನು ಕ್ಲಬ್ಬಿನಲ್ಲೂ ಸಾಧಿಸಬಲ್ಲರೇ ಎಂಬ ಪ್ರಶ್ನೆ, ಕ್ಯಾನ್‌ಬೆರಾ ಬಿಟ್ಟ ಕಾಲು ಶತಮಾನದ ನಂತರ, ಮತ್ತೆ ಅವರ ಎದುರಿಗಿದೆ.