ಬೋಧಕರ ಪುಸ್ತಕಗಳ ಕಪಾಟು

ಪ್ರಕಟವಾದ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು 1954ರ ಕಾಯಿದೆ ಪ್ರಕಾಶಕರಿಗೆ ವಿಧಿಸಿತು. ಬರೆದವರು ಅಧ್ಯಾಪಕರಾದರೆ ಅವರ ಕಾಲೇಜಿಗೂ ಒಂದು ಪ್ರತಿ ಸಲ್ಲಬೇಕೆಂಬ ಮಾತು ಅದರಲ್ಲಿಲ್ಲ. ಅದು ಲೇಖಕರ ಔದಾರ್ಯಕ್ಕೂ ಗ್ರಂಥಪಾಲಕರ ಎಚ್ಚರಕ್ಕೂ ಬಿಟ್ಟ ವಿಷಯ.

ಆ ಎಚ್ಚರದ ಬೆಲೆ ಮಂಗಳೂರಿನ ಬಲ್ಮಠದಲ್ಲಿ ತಿಳಿಯುತ್ತದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಹರ್ಮನ್ ಮೋಗ್ಲಿಂಗರು ಬೋಧಕರಾಗಿದ್ದುಕೊಂಡೇ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ಹಳೆಯ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಪಾಠ ಹೇಳುವವರೇ ಸಂಪಾದಕರು, ಅಚ್ಚುಕೂಟವೂ ಮಿಷನಿನದೇ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾದರು, ಮಿಷನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಅಷ್ಟಾದರೂ ಆ ಕಾಲದ ಪುಸ್ತಕಗಳು ಉಳಿದವು. 1965ರಲ್ಲಿ ಸ್ಥಾಪಿತವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಸಂಶೋಧಕರು ಅವುಗಳನ್ನು ಹುಡುಕುತ್ತಾರೆ.

ದೊಡ್ಡ ಗ್ರಂಥವನ್ನು ಯಾರಾದರೊಬ್ಬರು ಕಾಪಾಡಿಯಾರು. ಅಧ್ಯಾಪಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ವಿದ್ಯಾರ್ಥಿಗಳಿಗೆ ಹಂಚಿದ ಐವತ್ತು ಪುಟದ ಕಿರುಹೊತ್ತಗೆಯ ಗತಿಯೇನು? ಅದು ಅವರ ಕಾಲೇಜಿನಲ್ಲಿ ಸಿಗದಿದ್ದರೆ ಬೇರೆಲ್ಲೂ ಸಿಗುವುದು ಕಷ್ಟ. ಕಳಪೆಯದನ್ನೂ ಇಡಬೇಕೇ ಎಂದು ಕೇಳುವವರಿದ್ದಾರೆ. ಇಡಬೇಕೆಂದೇ ನನ್ನ ಮತ. ಒಂದು ತಲೆಮಾರು ಏನನ್ನು ಕಲಿತಿತೆಂಬುದಕ್ಕೆ ಅದೂ ಸಾಕ್ಷಿ. ಎರಡು ಪ್ರತಿಗಳು ಸಾಕು: ಓದಲು ಕೊಡುವುದಕ್ಕೊಂದು, ಬೀಗದೊಳಗೆ ಇಡುವುದಕ್ಕೊಂದು. ನಿವೃತ್ತಿಯ ದಿನ ಹಾರ ಹಾಕುವ ಮೊದಲು ಗ್ರಂಥಪಾಲಕರು ಅವನ್ನು ಕೇಳಿ ಪಡೆಯಲಿ.